ಹೆಣ್ಣು ಪತಂಗದ ಗಂಧ ಮತ್ತು ಅದರ ಕೃತಕ ಪ್ರತಿರೂಪ

ಒಂದು ಜೀವಿಯು ಹೊರಸೂಸಿ ಅದೇ ಪ್ರಭೇದದ ಇನ್ನೊಂದರ ವರ್ತನೆಯನ್ನು ಬದಲಿಸುವ ರಾಸಾಯನಿಕಕ್ಕೆ ಫೆರೊಮೋನ್ ಎಂದು ಹೆಸರು. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಸಂಗಡಿಗರು ಸುಮಾರು 20 ವರ್ಷ ದುಡಿದು, 5 ಲಕ್ಷದಷ್ಟು ಹೆಣ್ಣು ರೇಷ್ಮೆ ಪತಂಗಗಳ ಗಂಧಗ್ರಂಥಿಗಳಿಂದ ಕೆಲವೇ ಮಿಲಿಗ್ರಾಂ ವಸ್ತುವನ್ನು ಬೇರ್ಪಡಿಸಿ, ಅದು 16 ಇಂಗಾಲ ಪರಮಾಣುಗಳ ಸರಪಳಿಯುಳ್ಳ ಒಂದು ಮದ್ಯಸಾರವೆಂದು 1959ರಲ್ಲಿ ಪ್ರಕಟಿಸಿ, ಅದಕ್ಕೆ ಬಾಂಬಿಕಾಲ್ ಎಂಬ ಹೆಸರಿತ್ತರು. ಕೀಟಲೋಕದಲ್ಲಿ ರಚನೆ ತಿಳಿದ ಮೊದಲ ಲಿಂಗಾಕರ್ಷಕವಿದು. ಗಂಡಿನ ಗರಿಯಂಥ ಮೀಸೆಗಳು, ಅಂದರೆ ಸ್ಪರ್ಶಾಂಗಗಳು, ಎಷ್ಟು ಸೂಕ್ಷ್ಮವೆಂದರೆ ಇದರ ಒಂದೇ ಅಣು ತಗುಲಿದರೂ ಗ್ರಾಹಕ ಕೋಶದಲ್ಲಿ ನರಸಂವೇದನೆ ಹುಟ್ಟಬಲ್ಲದು. ಹಾರಲಾರದ ಈ ಗಂಡು, ರೆಕ್ಕೆ ಬಡಿಯುತ್ತ, ಅತ್ತಿತ್ತ ಓಲಾಡುತ್ತ ಗಂಧದ ಮೂಲದತ್ತ ನಡೆಯುವುದು ನಿಜಕ್ಕೂ ಬೆರಗಿನ ನೋಟ.

ಪ್ರಯೋಗಾಲಯದಲ್ಲಿ ಕಟ್ಟಿದ ಅಣುವಿಗೂ ಪತಂಗವು ಹಾಗೆಯೇ ಸ್ಪಂದಿಸುತ್ತದೆ, ಆದರೆ ಅಣುವಿನ ದ್ವಿಬಂಧಗಳ ತಿರುವು ತಪ್ಪಿದರೆ ಆಕರ್ಷಣೆ ಬಹುಮಟ್ಟಿಗೆ ಅಳಿಯುತ್ತದೆ. ಹತ್ತಿಯ ಗುಲಾಬಿ ಕಾಯಿಕೊರಕದ ಫೆರೊಮೋನಾದ ಗಾಸಿಪ್ಲೂರ್ ಎರಡು ಸಮಾಂಗಿಗಳ, ಅಂದರೆ ಪರಮಾಣುಗಳು ಅವೇ ಆಗಿದ್ದು ಜೋಡಣೆ ಮಾತ್ರ ಭಿನ್ನವಾದ ಅಣುಗಳ, ಸರಿಸುಮಾರು ಸಮಪಾಲು ಮಿಶ್ರಣವಾಗಿದೆ. ಕರ್ನಾಟಕದ ಹತ್ತಿ ಹೊಲಗಳಲ್ಲಿ ನಿಲ್ಲಿಸುವ ಮೋಹಕ ಬಲೆಗಳಲ್ಲಿ ಇದರ ಕೃತಕ ರೂಪವಿದ್ದು, ಬಲೆಗೆ ಬಿದ್ದ ಗಂಡುಗಳ ಎಣಿಕೆಯಿಂದ ಕೀಟದ ಹಾವಳಿಯನ್ನು ಅಂದಾಜಿಸುತ್ತಾರೆ. ಇದನ್ನೇ ಹೊಲದ ತುಂಬ ಹರಡಿದಾಗ ಗಂಡುಗಳು ಹೆಣ್ಣಿನ ಜಾಡು ತಪ್ಪಿ, ಮಿಲನವೇ ಕುಂಠಿತವಾಗುತ್ತದೆ.