ಗಾಜಿನ ಮೇಲೆ ಉಳಿದ ಊರುಗಳು

ಜರ್ಮನಿಯ ಹಳೆಯ ಪಟ್ಟಣಗಳನ್ನು ನಮ್ಮಲ್ಲಿ ಬಹುಮಂದಿ ಮೊದಲು ಕಂಡಿರುವುದು ಗೋಡೆಯ ಕ್ಯಾಲೆಂಡರಿನಲ್ಲಿ. ಡಿಸೆಂಬರಿನ ಹಾಳೆಯಲ್ಲಿ ಹಿಮ ಹೊದ್ದ ಇಳಿಜಾರು ಮಾಡುಗಳು, ಕ್ರಿಸ್‌ಮಸ್ ಸಂತೆಯ ದೀಪಗಳು. ಮೇ ತಿಂಗಳಲ್ಲಿ ಹೂಬಿಟ್ಟ ಮರದ ಹಿಂದೆ ಚರ್ಚಿನ ಗೋಪುರ. ಅಕ್ಟೋಬರಿನಲ್ಲಿ ಕೆಂಪೇರಿದ ಎಲೆಗಳ ನಡುವೆ ಕೋಟೆಯ ಗೋಡೆ. ನೋಡಲು ಹಿತವಾದ ಚಿತ್ರಗಳು. ಆದರೆ ಆ ನಾಡಿನಲ್ಲಿ ಹಳೆಯ ಕಟ್ಟಡಗಳ ಛಾಯಾಚಿತ್ರ ತೆಗೆಯುವ ಕಾರ್ಯ ಕೇವಲ ಅಂದಕ್ಕಾಗಿ ಬೆಳೆದು ಬಂದುದಲ್ಲ. ಅದರ ಇತಿಹಾಸದ ಮೊದಲಲ್ಲಿ ಒಬ್ಬ ತರುಣನ ಪ್ರಾಣಭಯವಿದೆ. ನಡುವಿನಲ್ಲಿ ಉರಿದುಹೋದ ನಗರಗಳಿವೆ. ಆ ಕಥೆಯನ್ನು ಈ ಹೊತ್ತು ಸ್ವಲ್ಪದರಲ್ಲಿ ನಿವೇದಿಸುತ್ತೇನೆ.

1858ರಲ್ಲಿ ಆಲ್ಬ್ರೆಕ್ಟ್ ಮೈಡೆನ್‌ಬೌವರ್ ಎಂಬ ಇಪ್ಪತ್ತನಾಲ್ಕರ ಹರೆಯದ ವಾಸ್ತುಶಿಲ್ಪಿಗೆ ವೆಟ್ಸ್‌ಲಾರ್ ಪಟ್ಟಣದ ಪ್ರಧಾನ ಚರ್ಚನ್ನು ಅಳೆಯುವ ಕೆಲಸ ಒದಗಿತು. ಸಾರುವೆ ಕಟ್ಟಿಸುವ ಖರ್ಚನ್ನು ಉಳಿಸಲು ಆತ ರಾಟೆ ಹಗ್ಗಗಳಿಂದ ತೂಗುಹಾಕಿದ ಬುಟ್ಟಿಯೊಂದರಲ್ಲಿ ನಿಂತು ಗೋಡೆಯನ್ನು ಅಳೆಯುತ್ತಿದ್ದ. ಒಂದು ಸಂಜೆ ಬುಟ್ಟಿಯಿಂದ ಕಿಟಕಿಯೊಳಕ್ಕೆ ಕಾಲಿಡುವಾಗ ಬುಟ್ಟಿ ಗೋಡೆಯಿಂದ ದೂರ ಸರಿಯಿತು. ಕಿಟಕಿಯ ಕಮಾನನ್ನು ಒಂದು ಕೈಯಲ್ಲಿ ಹಿಡಿದು, ಕಾಲಿನಿಂದ ಬುಟ್ಟಿಯನ್ನು ಒದ್ದು, ಆ ಬಲದಿಂದಲೇ ಒಳಕ್ಕೆ ಬಿದ್ದು ಆತ ಬದುಕಿಕೊಂಡ. ಕೆಳಗಿಳಿದು ಬರುವ ಹೊತ್ತಿಗೆ ಅವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಹುಟ್ಟಿತ್ತು: ಮನುಷ್ಯ ಗೋಡೆಯ ಮೇಲೆ ತೂಗಾಡಿ ಅಳೆಯುವ ಬದಲು ಛಾಯಾಚಿತ್ರವನ್ನೇ ಅಳೆಯಬಾರದೇಕೆ?

ತತ್ತ್ವ ಸರಳವಾದುದು. ಒಂದೇ ಕಟ್ಟಡವನ್ನು ದೂರ ಗೊತ್ತಿರುವ ಎರಡು ನೆಲೆಗಳಿಂದ ಚಿತ್ರಿಸಬೇಕು. ಕ್ಯಾಮರಾದ ಮಸೂರಕ್ಕೂ ಫಲಕಕ್ಕೂ ನಡುವಣ ಅಂತರ ಖಚಿತವಾಗಿ ತಿಳಿದಿದ್ದರೆ, ಎರಡು ಚಿತ್ರಗಳಲ್ಲಿಯೂ ಕಾಣುವ ಒಂದೊಂದು ಬಿಂದುವಿಗೂ ರೇಖೆ ಎಳೆದು, ಅವು ಸಂಧಿಸುವ ಸ್ಥಾನವನ್ನು ಗಣಿತದಿಂದ ಹೇಳಬಹುದು. 1867ರಲ್ಲಿ ಈ ವಿದ್ಯೆಗೆ ಫೋಟೋಗ್ರಾಮೆಟ್ರಿ ಎಂಬ ಹೆಸರು ಅಚ್ಚಿನಲ್ಲಿ ಬಂದಿತು. 1885ರಲ್ಲಿ ಪ್ರಷ್ಯದ ಸರ್ಕಾರ ಇದಕ್ಕೆಂದೇ ಬರ್ಲಿನ್ನಿನಲ್ಲಿ ಒಂದು ಸಂಸ್ಥೆಯನ್ನು ಸ್ಥಾಪಿಸಿ ಮೈಡೆನ್‌ಬೌವರನಿಗೆ ವಹಿಸಿಕೊಟ್ಟಿತು. ಒಂದೊಂದೂ 40 ಸೆಂಟಿಮೀಟರ್ ಚದರದ ದೊಡ್ಡ ಗಾಜಿನ ಫಲಕಗಳು. 1920ರ ವೇಳೆಗೆ ಅವುಗಳ ಸಂಖ್ಯೆ ಸುಮಾರು 20,000ಕ್ಕೆ ಏರಿತ್ತು. ಕಟ್ಟಡವೊಂದು ನಾಶವಾದರೂ ಅದನ್ನು ಮತ್ತೆ ಕಟ್ಟಲು ಬೇಕಾದ ಅಳತೆ ಈ ಫಲಕಗಳಲ್ಲಿ ಉಳಿಯಬೇಕೆಂಬುದು ಆತನ ಹಂಬಲ.

ಋತುಗಳ ವಿಷಯದಲ್ಲಿ ಇಲ್ಲೊಂದು ಸ್ವಾರಸ್ಯವಿದೆ. ಕ್ಯಾಲೆಂಡರಿನ ಚಿತ್ರಕಾರನಿಗೆ ವಸಂತದ ಹೂವು, ಶರತ್ತಿನ ಎಲೆ ಪ್ರಿಯ. ಅಳತೆಗಾರನಿಗೆ ಅವು ವಿಘ್ನ. ಎಲೆ ತುಂಬಿದ ಮರ ಗೋಡೆಯನ್ನು ಮರೆಮಾಡುತ್ತದೆ. ಬೇಸಗೆಯ ತೀಕ್ಷ್ಣ ಬಿಸಿಲು ಶಿಲ್ಪದ ಮೇಲೆ ಕಪ್ಪು ನೆರಳು ಚೆಲ್ಲುತ್ತದೆ. ಎಲೆಯುದುರಿದ ಮರಗಳು, ತೆಳುಮೋಡದ ಸಮನಾದ ಬೆಳಕು, ಇವೇ ಅವನಿಗೆ ಬೇಕಾದವು. ಬೆಳಕಿಗೆ ಫಲಕವನ್ನು ಬಹಳ ಹೊತ್ತು ಒಡ್ಡಬೇಕಾಗಿದ್ದ ಆ ಕಾಲದಲ್ಲಿ, ಬೀದಿಯಲ್ಲಿ ನಡೆದುಹೋದವರು ಚಿತ್ರದಲ್ಲಿ ಮೂಡುತ್ತಲೇ ಇರಲಿಲ್ಲ. ಕಲ್ಲು ಉಳಿಯಿತು, ಜನ ಮಾಯವಾದರು.

1913ರಲ್ಲಿ ಕಲಾ ಇತಿಹಾಸಕಾರ ರಿಕಾರ್ಡ್ ಹಾಮನ್ ಮಾರ್ಬುರ್ಗ್ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದ ಚಿತ್ರಭಂಡಾರ ಈ ಕಾರ್ಯಕ್ಕೆ ಇನ್ನೊಂದು ನೆಲೆ. ಯೂರೋಪಿನ ಕಲೆ ಮತ್ತು ವಾಸ್ತುವಿನ ಅತಿ ದೊಡ್ಡ ಚಿತ್ರಸಂಗ್ರಹಗಳಲ್ಲಿ ಇಂದು ಅದೂ ಒಂದು. ಆ ಬಳಿಕ ಯುದ್ಧ ಬಂದಿತು. 1943ರಲ್ಲಿ, ಬಾಂಬುಗಳು ನಗರಗಳ ಮೇಲೆ ಬೀಳುತ್ತಿದ್ದಾಗ, ಹಿಟ್ಲರನ ಆಜ್ಞೆಯಂತೆ ಚರ್ಚು ಅರಮನೆಗಳ ಗೋಡೆ ಹಾಗೂ ಮೇಲ್ಛಾವಣಿಗಳ ವರ್ಣಚಿತ್ರಗಳನ್ನೆಲ್ಲ ಬಣ್ಣದ ಫಿಲ್ಮಿನಲ್ಲಿ ತೆಗೆಯುವ ಕಾರ್ಯ ಮೊದಲಾಯಿತು. 1945ರವರೆಗೆ ಸುಮಾರು 40,000 ಚಿತ್ರಗಳು ಸಿದ್ಧವಾದವು. ಮನೆಗೆ ಬೆಂಕಿಯಿಟ್ಟವನೇ ಮನೆಯ ಪಟವನ್ನೂ ತೆಗೆಸಿದ ಎನ್ನದೆ ಬೇರೆ ಮಾತಿಲ್ಲ.

1945ರ ಮಾರ್ಚ್ 16ರಂದು ವ್ಯುರ್ಟ್ಸ್‌ಬುರ್ಗ್ ಉರಿಯಿತು. ಅಲ್ಲಿಯ ಅರಮನೆಯ ಪ್ರಸಿದ್ಧ ಕನ್ನಡಿಕೋಣೆ ನುಚ್ಚುನೂರಾಯಿತು. ಗಾಜಿನ ಹಿಂಬದಿಯಲ್ಲಿ ಚಿತ್ರ ಬರೆದು ಕೂಡಿಸಿದ ಆ ಕೋಣೆಯನ್ನು 1979ರಿಂದ 1987ರವರೆಗೆ ಮತ್ತೆ ರಚಿಸಿದರು. ಕೈಯಲ್ಲಿದ್ದುದು ಹಳೆಯ ಛಾಯಾಚಿತ್ರಗಳು, ಒಂದು ಜಲವರ್ಣ ಚಿತ್ರ, ಅಳಿದುಳಿದ ಗಾಜಿನ ಚೂರು. ಮಾರ್ಚ್ 22ರಂದು ಹಿಲ್ಡೆಸ್‌ಹೈಮ್ ಪಟ್ಟಣದ ಸರದಿ. 1529ರಲ್ಲಿ ಮರದ ಚೌಕಟ್ಟಿನಿಂದ ಕಟ್ಟಿದ್ದ ಕಸಾಯಿ ಶ್ರೇಣಿಯ ಸಭಾಗೃಹ ಬೂದಿಯಾಯಿತು. ಆ ಜಾಗದಲ್ಲಿ 1960ರ ದಶಕದಲ್ಲಿ ಹೊಸ ಮಾದರಿಯ ಹೋಟೆಲೊಂದು ಎದ್ದಿತು. ಮುಂದೆ ಅದನ್ನು ಕೆಡವಿ, 1987ರಿಂದ 1989ರೊಳಗೆ, ಚಿತ್ರಗಳನ್ನೂ ನಕ್ಷೆಗಳನ್ನೂ ನೋಡಿ ಹಳೆಯ ಸಭಾಗೃಹವನ್ನೇ ಓಕ್ ಮರದಿಂದ ಮತ್ತೆ ನಿಲ್ಲಿಸಿದರು.

ಇದು ಸರಿಯೇ? ಈ ಪ್ರಶ್ನೆಯನ್ನು ಜರ್ಮನರು ತಮ್ಮತಮ್ಮೊಳಗೆ ಕಟುವಾಗಿಯೇ ಕೇಳಿಕೊಂಡಿದ್ದಾರೆ. ಕಳೆದುಹೋದುದನ್ನು ಕಳೆದುಹೋಗದಂತೆ ತೋರಿಸುವುದು ಇತಿಹಾಸಕ್ಕೆ ಬಗೆಯುವ ಅಪಚಾರವೆಂದು ಒಂದು ಪಕ್ಷ. ಜನ ತಮ್ಮ ಊರಿನ ಮುಖವನ್ನು ಮರಳಿ ಪಡೆಯುವುದು ತಪ್ಪಲ್ಲವೆಂದು ಇನ್ನೊಂದು. ನನಗೆ ತೋರುವಂತೆ ಉತ್ತರ ಕಟ್ಟಡದಲ್ಲಿಲ್ಲ. ನಾವು ಯಾವುದನ್ನು ನೆನೆಯಲು ಒಪ್ಪುತ್ತೇವೆ ಎಂಬುದರಲ್ಲಿದೆ. ಏಕೆಂದರೆ ಅದೇ ಊರುಗಳಲ್ಲಿ 1938ರ ನವೆಂಬರಿನಲ್ಲಿ, ಆಕಾಶದಿಂದ ಒಂದು ಬಾಂಬೂ ಬೀಳುವ ಮುನ್ನ, ಸಾವಿರಕ್ಕೂ ಹೆಚ್ಚು ಯಹೂದಿ ಪ್ರಾರ್ಥನಾಮಂದಿರಗಳು ಧ್ವಂಸವಾದವು. ಹಿಲ್ಡೆಸ್‌ಹೈಮಿನದೂ ಅವುಗಳಲ್ಲಿ ಒಂದು. ಅವುಗಳ ಅಂದಕ್ಕಾಗಿ ಬಣ್ಣದ ಫಿಲ್ಮನ್ನು ಯಾರೂ ವ್ಯಯಿಸಲಿಲ್ಲ. 1994ರಲ್ಲಿ ಲ್ಯುಬೆಕ್‌ನ ಪ್ರಾರ್ಥನಾಮಂದಿರಕ್ಕೆ ಮತ್ತೆ ಬೆಂಕಿ ಬಿದ್ದಾಗ, ಡಾರ್ಮ್‌ಸ್ಟಾಟ್‌ನ ವಾಸ್ತುಶಿಲ್ಪ ವಿದ್ಯಾರ್ಥಿಗಳು ಆ ನಷ್ಟವನ್ನು ಲೋಕಕ್ಕೆ ತೋರಿಸಬೇಕೆಂದು ಹೊರಟರು. 1995ರಿಂದ ಹಳೆಯ ನಕ್ಷೆ, ದೊರೆತಷ್ಟು ಛಾಯಾಚಿತ್ರ, ಬದುಕುಳಿದವರ ನೆನಪು ಇವುಗಳಿಂದ ಆ ಮಂದಿರಗಳನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ಮರುರಚಿಸಿದರು. ಕಲ್ಲಿನಲ್ಲಿ ಅಲ್ಲ, ಬೆಳಕಿನಲ್ಲಿ. ಅಲ್ಲಿ ಪ್ರಾರ್ಥಿಸಿದ ಜನರನ್ನು ಮಾತ್ರ ಯಾವ ಗಣಿತವೂ ಮರಳಿ ತರಲಾರದು.

ಹಿಲ್ಡೆಸ್‌ಹೈಮಿನ ಪ್ರಧಾನ ಚರ್ಚಿನ ಹಿಂಗೋಡೆಗೆ ಒಂದು ಕಾಡುಗುಲಾಬಿಯ ಬಳ್ಳಿ ಹಬ್ಬಿದೆ. ಸಾವಿರ ವರ್ಷದ್ದೆಂದು ಐತಿಹ್ಯ. 1945ರ ಬೆಂಕಿಯಲ್ಲಿ ಅದೂ ಸುಟ್ಟು ಅವಶೇಷಗಳ ಅಡಿಯಲ್ಲಿ ಹೂತುಹೋಯಿತು. ಆದರೆ ಬೇರು ಸತ್ತಿರಲಿಲ್ಲ. ಆ ವಸಂತದಲ್ಲಿಯೇ ಹೊಸ ಕುಡಿ ಒಡೆಯಿತು. ಈಗಲೂ ಬೇಸಗೆಯ ಆರಂಭದಲ್ಲಿ ಕೆಲವೇ ದಿನ ಅದು ನಸುಗೆಂಪಾಗಿ ಅರಳುತ್ತದೆ. ಬಂದವರೆಲ್ಲ ಚಿತ್ರ ತೆಗೆದುಕೊಳ್ಳುತ್ತಾರೆ. ಆ ಚಿತ್ರದಲ್ಲಿ ಹೂವಿನ ಹಿಂದೆ ಕಾಣುವ ಗೋಡೆ ಮತ್ತೆ ಕಟ್ಟಿದ್ದು. ಹೂವನ್ನು ನೋಡುವವರು ಗೋಡೆಯನ್ನೂ ಒಮ್ಮೆ ನೋಡಿದರೆ, ಮೈಡೆನ್‌ಬೌವರನ ಫಲಕಗಳ ಶ್ರಮ ಸಾರ್ಥಕವಾದಂತೆ.