ಗೋಡೆಯ ಮಾತು, ಜೋಳಿಗೆಯ ಮಾತು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಅಗಸೆಯನ್ನು ದಾಟುವ ಮೊದಲೇ ಪಥಿಕನನ್ನು ಮಾತನಾಡಿಸುತ್ತಿದ್ದುದು ಗೋಡೆ. ಬೀಡಿ, ತಂಬಾಕು, ಹಲ್ಲುಪುಡಿಗಳ ಗುಣಗಾನವನ್ನು ಆಳೆತ್ತರದ ಅಕ್ಷರಗಳಲ್ಲಿ ಹೊತ್ತು, ಬಿಸಿಲಿಗೆ ಮಾಸಿ, ಮತ್ತೆ ಹೊಸ ಬಣ್ಣವುಂಡು ನಿಂತ ಆ ಗೋಡೆಗಳೇ, ವೃತ್ತಪತ್ರಿಕೆಗಳು ವಿರಳವಾಗಿದ್ದ ಕಾಲದಲ್ಲಿ, ಹಳ್ಳಿಯ ಹುಡುಗರು ಶಾಲೆಯ ಹೊರಗೆ ಓದಿದ ಮೊದಲ ಪುಸ್ತಕವೆಂದರೆ ಅತಿಶಯೋಕ್ತಿಯಾಗದು.

1956ರ ನವೆಂಬರ್ 1ರವರೆಗೆ ಈ ಸೀಮೆ ಮುಂಬಯಿ ರಾಜ್ಯದ ಆಡಳಿತದಲ್ಲಿದ್ದಿತು. ಆ ರಾಜ್ಯದ 1949ರ ಪಾನನಿರೋಧ ಶಾಸನವು ಮದ್ಯಪಾನವನ್ನು ಮಾತ್ರವಲ್ಲದೆ ಮದ್ಯದ ಜಾಹೀರಾತನ್ನೂ ನಿರ್ಬಂಧಿಸಿತ್ತು. ತಂಬಾಕಿಗಾದರೋ ಅಂತಹ ಅಂಕುಶವಿರಲಿಲ್ಲ. 1975ರಲ್ಲಿ ಕೇಂದ್ರ ಸರಕಾರವು ಸಿಗರೇಟಿನ ಪೊಟ್ಟಣದ ಮೇಲೆ ಎಚ್ಚರಿಕೆಯ ಒಂದು ವಾಕ್ಯವನ್ನು ಕಡ್ಡಾಯಗೊಳಿಸುವ ಶಾಸನವನ್ನು ತಂದಿತಾದರೂ, ಹೊಲಗೆಲಸದವನ ಕಿವಿಯ ಸಂದಿನ ಬೀಡಿಗೂ ಅಂಗೈಯಲ್ಲಿ ಸುಣ್ಣದೊಡನೆ ತಿಕ್ಕಿದ ತಂಬಾಕಿಗೂ ಆ ವಾಕ್ಯ ತಗುಲಲಿಲ್ಲ.

ಅದೇ 1975ರಲ್ಲಿ, ಕೃಷ್ಣೆಯ ಆಚೆದಡದ ಇಳಕಲ್ಲಿನಲ್ಲಿ, ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು ಹೆಗಲಿಗೊಂದು ಜೋಳಿಗೆಯನ್ನು ಹಾಕಿಕೊಂಡು ಹೊರಟರು. ಇಳಕಲ್ಲು ಆಗ ಅವಿಭಕ್ತ ಬಿಜಾಪುರ ಜಿಲ್ಲೆಯದೇ ಊರು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಜಂಗಮನ ಜೋಳಿಗೆಗೆ ಜೋಳವನ್ನೋ ರೊಟ್ಟಿಯನ್ನೋ ನೀಡಿ ಬಲ್ಲ ಜನರ ಬಾಗಿಲಲ್ಲಿ ನಿಂತು ಆ ಯತಿ ಬೇಡಿದ್ದು ಅವರವರ ದುಶ್ಚಟಗಳನ್ನು. ಕುಡಿತ, ಬೀಡಿ, ತಂಬಾಕುಗಳನ್ನು ಜೋಳಿಗೆಗೆ ಹಾಕಿ, ಮರಳಿ ಮುಟ್ಟೆನೆಂದು ವಚನವಿತ್ತವರು ಅನೇಕರು. ನೀಡುವವನಿಗೆ ಪುಣ್ಯವೆಂಬ ಪುರಾತನ ಭಾವನೆಯನ್ನು, ನೀಡಿದ ವಸ್ತುವೇ ಪಾಪವಾಗಿರುವಂತೆ ತಿರುಗಿಸಿದ ಈ ಉಪಾಯದಲ್ಲಿ, ಚಟಗಾರನು ಅಪರಾಧಿಯಾಗದೆ ದಾನಿಯಾಗುತ್ತಾನೆ; ಅವನ ಮಾನಕ್ಕೆ ಕುಂದಿಲ್ಲ. ‘ಮಹಾಂತ ಜೋಳಿಗೆ’ ಎಂದು ಹೆಸರಾದ ಈ ಭಿಕ್ಷಾಟನೆಯ ಸ್ಮರಣೆಗಾಗಿ, ಸ್ವಾಮಿಗಳ ಜನ್ಮದಿನವಾದ ಆಗಸ್ಟ್ 1 ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿತವಾಗುತ್ತಿದೆ.

ನಾಲ್ಕು ವರ್ಷಗಳ ತರುವಾಯ, 1979ರಲ್ಲಿ, ದೂರದ ಸಿಡ್ನಿ ನಗರದಲ್ಲಿ ‘ಬುಗಾ ಅಪ್’ ಎಂಬ ಗುಂಪಿನವರು ಬಣ್ಣದ ಡಬ್ಬಿಗಳನ್ನು ಹಿಡಿದು, ಸಿಗರೇಟು ಮದ್ಯಗಳ ಭಾರೀ ಫಲಕಗಳ ಅಕ್ಷರಗಳನ್ನು ಅಳಿಸಿಯೂ ಸೇರಿಸಿಯೂ, ಹೊಗಳಿಕೆಯನ್ನು ಅದರ ಬಾಯಿಂದಲೇ ತೆಗಳಿಕೆಯಾಗಿಸಿದರು. ವೈದ್ಯರೂ ಇದ್ದ ಆ ಗುಂಪಿನವರು ನ್ಯಾಯಾಲಯದ ಕಟಕಟೆಯನ್ನೇರಿ ತಮ್ಮ ಕೃತ್ಯವನ್ನು ಸಮರ್ಥಿಸಿಕೊಂಡರು. 1992ರಲ್ಲಿ ಆಸ್ಟ್ರೇಲಿಯವು ತಂಬಾಕಿನ ಜಾಹೀರಾತನ್ನೇ ನಿಷೇಧಿಸುವ ಶಾಸನವನ್ನು ಮಾಡಿತು. ಅವರು ಮಾರುವವನ ಬಾಯನ್ನು ತಡೆಯಹೊರಟರು, ನಮ್ಮ ಜಂಗಮನು ಕೊಳ್ಳುವವನ ಕೈಯನ್ನು ಹಿಡಿದನು. ಒಂದನ್ನು ಬಿಟ್ಟರೆ ಇನ್ನೊಂದು ಅರ್ಧಕಾರ್ಯವೇ ಸರಿ.

ಶಾಸನವೇನೋ ಇಲ್ಲಿಗೂ ಬಂದಿತು. 2003ರ ಕಾಯಿದೆ ತಂಬಾಕಿನ ಜಾಹೀರಾತನ್ನು ನಿಷೇಧಿಸಿ, ಮಾರುವ ಅಂಗಡಿಯ ಫಲಕಕ್ಕೂ ಮಿತಿ ಹಾಕಿತು. 2013ರಲ್ಲಿ ಕರ್ನಾಟಕ ಗುಟಕಾವನ್ನು ನಿಷೇಧಿಸಿತು. ಆದರೆ ಗುಟಕಾ ಹೋದ ಜಾಗದಲ್ಲಿ ಪಾನ್ ಮಸಾಲೆಯದೊಂದು ಚೀಟು, ತಂಬಾಕಿನದೊಂದು ಚೀಟು ಬೇರೆಬೇರೆಯಾಗಿ ತೂಗಾಡಿದುವು. ಏಲಕ್ಕಿಯ ಹೆಸರಿನ ಮರೆಯಲ್ಲಿ ಹಳೆಯ ಪ್ರಚಾರವೇ ಮುಂದುವರಿಯಿತು. ಅದಕ್ಕೆ ಇಂದಿಗೂ ಒಂದು ಗೋಡೆ ಬೇಕು, ಆ ಗೋಡೆಗೊಬ್ಬ ಒಡೆಯನಿದ್ದಾನೆ, ಅವನ ಒಪ್ಪಿಗೆಯಿಲ್ಲದೆ ಕುಂಚ ಆಡದು. ಬಸವಣ್ಣನ ಜನ್ಮಸೀಮೆಯ ಮನೆಯೊಡೆಯರೇ, ಇನ್ನೊಮ್ಮೆ ಜೋಳಿಗೆ ಬಾಗಿಲಿಗೆ ಬಂದಾಗ ಮೊದಲು ಆ ಒಪ್ಪಿಗೆಯನ್ನೇ ಅದಕ್ಕೆ ಹಾಕಿ, ಗೋಡೆಗೆ ಸುಣ್ಣ ಬಳಿಯಿರಿ.