ಬಿಡುಗಡೆಪೂರ್ವ ಪರೀಕ್ಷೆ: ಮುಕ್ತ ತಂತ್ರಾಂಶದಲ್ಲಿ ಸ್ವಯಂಸೇವಕರು

ಮುಕ್ತ ತಂತ್ರಾಂಶವೊಂದರ ಹೊಸ ಆವೃತ್ತಿ ಅಧಿಕೃತವಾಗಿ ಹೊರಬರುವ ಮೊದಲೇ ಅದನ್ನು ಬಳಕೆದಾರರು ಸಂಬಳವಿಲ್ಲದೆ, ತಮ್ಮದೇ ಕಂಪ್ಯೂಟರುಗಳಲ್ಲಿ ನಡೆಸಿ ನೋಡಿ ದೋಷಗಳನ್ನು ತಿಳಿಸುವ ಪದ್ಧತಿ. ಆಲ್ಫಾ, ಬೀಟಾ, ರಿಲೀಸ್ ಕ್ಯಾಂಡಿಡೇಟ್ ಎಂಬ ಹಂತಗಳಲ್ಲಿ ಇದು ನಡೆಯುತ್ತದೆ. ಆಯ್ದ ಗ್ರಾಹಕರ ಕೈಗೆ ಬೀಟಾ ಪ್ರತಿ ಕೊಡುವ ರೂಢಿ ಕಂಪನಿಗಳಲ್ಲಿ ಹಿಂದಿನಿಂದಲೂ ಇತ್ತು. ಯಾರ ಅಪ್ಪಣೆಯೂ ಇಲ್ಲದೆ ಯಾರು ಬೇಕಾದರೂ ಈ ಕೆಲಸಕ್ಕೆ ಇಳಿಯಬಹುದು ಎಂದದ್ದು ಮುಕ್ತ ತಂತ್ರಾಂಶ. ಆದರೆ ಬಾಗಿಲು ತೆರೆದಿಟ್ಟ ಮಾತ್ರಕ್ಕೆ ಜನ ಬರಲಿಲ್ಲ. ಬಂದವರಿಗೆ ಕೆಲಸ ಸುಲಭವಾಗಬೇಕು, ಅವರು ಹೇಳಿದ್ದಕ್ಕೆ ಉತ್ತರ ಸಿಗಬೇಕು, ಅವರ ಯಂತ್ರ ಹಾಳಾಗಬಾರದು. ಈ ಮೂರನ್ನೂ ಯೋಜನೆಗಳು ಒಂದೊಂದಾಗಿ, ಪೆಟ್ಟು ತಿಂದೇ ಕಲಿತವು.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ, ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಲಿನಕ್ಸ್ ಕರ್ನಲ್‌ಗೆ ಮೊದಮೊದಲು ಪರೀಕ್ಷಕರು, ಬಳಕೆದಾರರು ಎಂಬ ಭೇದವೇ ಇರಲಿಲ್ಲ; ಬಳಸುತ್ತಿದ್ದವರೆಲ್ಲ ಪರೀಕ್ಷಕರೇ. 1994ರ ಮಾರ್ಚ್‌ನಲ್ಲಿ 1.0 ಆವೃತ್ತಿ ಬಂದ ಮೇಲೆ ಒಂದು ಗೆರೆ ಬೇಕಾಯಿತು. 1.1, 1.3, 2.1, 2.3ರಂತೆ ಎರಡನೆಯ ಅಂಕಿ ಬೆಸವಾಗಿದ್ದರೆ ಅದು ಪ್ರಯೋಗದ ಕರ್ನಲ್, ಸಮವಾಗಿದ್ದರೆ ದಿನಬಳಕೆಗೆ ಎಂಬ ಕ್ರಮ ಬಂತು. ಎರಿಕ್ ರೇಮಂಡ್ 1997ರ ಮೇ ತಿಂಗಳಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬರ್ಗ್‌ನಲ್ಲಿ ಮಂಡಿಸಿದ ‘ದಿ ಕೆಥೀಡ್ರಲ್ ಅಂಡ್ ದಿ ಬಜಾರ್’ ಪ್ರಬಂಧ ಈ ರೀತಿಗೆ ಸಿದ್ಧಾಂತದ ರೂಪ ಕೊಟ್ಟಿತು. ಬೇಗ ಬೇಗ ಬಿಡುಗಡೆ ಮಾಡಬೇಕು, ಪರೀಕ್ಷಕರನ್ನು ಅಮೂಲ್ಯ ಸಹಾಯಕರಂತೆ ನಡೆಸಿಕೊಳ್ಳಬೇಕು ಎಂಬುದು ಅದರ ತಿರುಳು. ತಮ್ಮ ಫೆಚ್‌ಮೇಲ್ ತಂತ್ರಾಂಶದಲ್ಲಿ ಅವರು ಇದನ್ನು ಪ್ರಯೋಗಿಸಿಯೂ ನೋಡಿದ್ದರು.

ಕರ್ನಲ್‌ನ ಬೆಸ–ಸಮ ಕ್ರಮ ಕೊನೆಗೆ ಉಳಿಯಲಿಲ್ಲ; ಎರಡು ಸಮ ಆವೃತ್ತಿಗಳ ನಡುವಿನ ಅಂತರ ದೊಡ್ಡದಾಗಿತ್ತು. 2001ರ ಜನವರಿಯಲ್ಲಿ ಬಂದ 2.4ರಿಂದ 2003ರ ಡಿಸೆಂಬರ್‌ನಲ್ಲಿ ಬಂದ 2.6ರವರೆಗೆ ಹೆಚ್ಚುಕಡಿಮೆ ಮೂರು ವರ್ಷ. ಅಷ್ಟು ಕಾಲ ಬೆಸಸಂಖ್ಯೆಯ ಕರ್ನಲ್ ಓಡಿಸುವ ತಾಳ್ಮೆ ಕೆಲವರಿಗೆ ಮಾತ್ರ ಇತ್ತು. ಮೂರು ವರ್ಷದ ಬದಲಾವಣೆಗಳ ತಪ್ಪುಗಳು ಅಂತಿಮ ಆವೃತ್ತಿಯ ದಿನ ಒಟ್ಟಿಗೆ ಮೇಲೆ ಬೀಳುತ್ತಿದ್ದವು. 2004ರಿಂದ ಕ್ರಮ ಬದಲಾಯಿತು. ಈಗ ಎರಡು ವಾರ ಹೊಸ ಕೋಡ್ ಸೇರಿಸುವ ಅವಧಿ, ಆಮೇಲೆ ವಾರಕ್ಕೊಂದು ರಿಲೀಸ್ ಕ್ಯಾಂಡಿಡೇಟ್, ಒಟ್ಟು ಒಂಬತ್ತು–ಹತ್ತು ವಾರಕ್ಕೆ ಒಂದು ಕರ್ನಲ್. ಪರೀಕ್ಷಕರು ಒಂದು ಸಲಕ್ಕೆ ನೋಡಬೇಕಾದ ಹೊರೆ ಇಳಿಯಿತು.

ಸಾಮಾನ್ಯ ಬಳಕೆದಾರರನ್ನು ದೊಡ್ಡ ಪ್ರಮಾಣದಲ್ಲಿ ಈ ಕೆಲಸಕ್ಕೆ ಎಳೆತಂದದ್ದು ಮೊಜಿಲ್ಲಾ. ನೆಟ್‌ಸ್ಕೇಪ್ ಕಂಪನಿ 1998ರ ಮಾರ್ಚ್ 31ರಂದು ತನ್ನ ಬ್ರೌಸರ್‌ನ ಸೋರ್ಸ್ ಕೋಡ್ ಬಿಡುಗಡೆ ಮಾಡಿತು. ಅದೇ ವರ್ಷ ಟೆರ್ರಿ ವೈಸ್‌ಮನ್ ರೂಪಿಸಿದ ಬಗ್‌ಜಿಲ್ಲಾ, ಕಂಪನಿಗಳ ಒಳಗೇ ಇರುತ್ತಿದ್ದ ದೋಷಪಟ್ಟಿಯನ್ನು ಜಗತ್ತಿನ ಎದುರಿಗಿಟ್ಟಿತು. ಏನು ಮಾಡಿದಾಗ ತಪ್ಪು ಕಾಣಿಸಿತು, ಏನಾಗಬೇಕಿತ್ತು, ಏನಾಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯುವ ನಮೂನೆ ಪ್ರೋಗ್ರಾಮಿಂಗ್ ಗೊತ್ತಿಲ್ಲದವರನ್ನೂ ಉಪಯುಕ್ತ ಪರೀಕ್ಷಕರನ್ನಾಗಿಸಿತು. ಪ್ರತಿರಾತ್ರಿ ಸಿದ್ಧವಾಗುವ ‘ನೈಟ್ಲಿ’ ಪ್ರತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಈ ಅವಧಿಯ ಒಂದು ಕಹಿ ಪಾಠವೂ ಉಂಟು: ಮೊಜಿಲ್ಲಾದ ಕೋಡ್ ಇನ್ನೂ ಹಣ್ಣಾಗದಿದ್ದಾಗಲೇ 2000ದ ನವೆಂಬರ್‌ನಲ್ಲಿ ಅದರ ಮೇಲೆ ಕಟ್ಟಿದ ನೆಟ್‌ಸ್ಕೇಪ್ 6 ಹೊರಬಂತು, ಜನ ಅದನ್ನು ಒಪ್ಪಲಿಲ್ಲ. ಮೊಜಿಲ್ಲಾ 1.0 ಸಿದ್ಧವಾದದ್ದು 2002ರ ಜೂನ್‌ನಲ್ಲಿ. ಮುಂದೆ 2011ರಲ್ಲಿ ಫೈರ್‌ಫಾಕ್ಸ್ ಆರು ವಾರಕ್ಕೊಂದು ಬಿಡುಗಡೆಯ ಕ್ರಮಕ್ಕೆ ಬಂದಾಗ ನೈಟ್ಲಿ, ಅರೋರಾ, ಬೀಟಾ ಎಂಬ ಮೂರು ಮೆಟ್ಟಿಲುಗಳಾದವು. ನಡುವಿನ ಅರೋರಾ ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲವೆಂದು 2017ರಲ್ಲಿ ಅದನ್ನು ಕೈಬಿಡಲಾಯಿತು.

ಕರ್ನಲ್ ಜೊತೆ ಬೇರೆ ತಂತ್ರಾಂಶಗಳನ್ನೂ ಸೇರಿಸಿ ಕೊಡುವ ಲಿನಕ್ಸ್ ವಿತರಣೆಗಳೂ ತಮ್ಮ ಕ್ರಮ ರೂಪಿಸಿಕೊಂಡವು. ಡೆಬಿಯನ್ 2000ದಲ್ಲಿ ‘ಟೆಸ್ಟಿಂಗ್’ ಶಾಖೆ ತೆರೆದು, ಅಸ್ಥಿರ ಶಾಖೆಯಲ್ಲಿ ಕೆಲವು ದಿನ ಗಂಭೀರ ದೂರಿಲ್ಲದೆ ಉಳಿದ ಪ್ಯಾಕೇಜುಗಳು ತಾವಾಗಿ ಅದಕ್ಕೆ ಸಾಗುವಂತೆ ಮಾಡಿತು. ಫೆಡೋರಾದ ಬೋಧಿ ವ್ಯವಸ್ಥೆಯಲ್ಲಿ ಪರೀಕ್ಷಕರು ಹೊಸ ಪ್ಯಾಕೇಜಿಗೆ ‘ಕರ್ಮ’ ಅಂಕ ಕೊಡುತ್ತಾರೆ. ಸಾಮಾನ್ಯವಾಗಿ ಮೂರು ಅಂಕ ಸೇರಿದರೆ ಅದು ಬಿಡುಗಡೆಗೆ ಅರ್ಹ.

ಪರೀಕ್ಷಕರ ಕೊರತೆ ಎಂಥ ಅನಾಹುತಕ್ಕೆ ದಾರಿ ಮಾಡುತ್ತದೆ ಎಂಬುದಕ್ಕೆ 2008ರ ಜನವರಿ 11ರಂದು ಬಿಡುಗಡೆಯಾದ ಕೆಡಿಇ 4.0 ಡೆಸ್ಕ್‌ಟಾಪ್ ಸಾಕ್ಷಿ. ಒಳಗಿನ ಲೈಬ್ರರಿಗಳು ಸಿದ್ಧವಾಗಿದ್ದವು, ಮೇಲಿನ ಡೆಸ್ಕ್‌ಟಾಪ್ ಇನ್ನೂ ಅರೆಬರೆ. ಬೀಟಾ ಎಂಬ ಹಣೆಪಟ್ಟಿ ಇರುವವರೆಗೆ ಜನ ಮುಟ್ಟುವುದಿಲ್ಲ, ಅಂತಿಮವೆಂದು ಬಿಟ್ಟರೆ ಮಾತ್ರ ಪರೀಕ್ಷಿಸುವವರೂ ಅಪ್ಲಿಕೇಶನ್ ಬರೆಯುವವರೂ ಬರುತ್ತಾರೆ ಎಂಬುದು ತಂಡದ ವಾದವಾಗಿತ್ತು. ಇದು ಎಲ್ಲರಿಗಾಗಿ ಅಲ್ಲ ಎಂದು ಅವರು ಹೇಳಿಯೂ ಇದ್ದರು. ಆ ಮಾತು ಬಳಕೆದಾರರವರೆಗೆ ತಲುಪಲಿಲ್ಲ. ಅದೇ ವರ್ಷದ ಮೇ ತಿಂಗಳ ಫೆಡೋರಾ 9 ಹಳೆಯ 3.5 ಡೆಸ್ಕ್‌ಟಾಪನ್ನು ತೆಗೆದು 4.0 ಸರಣಿಯನ್ನೇ ಕೊಟ್ಟಿತು. ಪರೀಕ್ಷೆಗೆ ಒಪ್ಪಿಯೇ ಇರದ ಜನ ಪರೀಕ್ಷಕರಾಗಬೇಕಾಯಿತು. ಟೊರ್ವಾಲ್ಡ್ಸ್ ಕೂಡ ಗ್ನೋಮ್ ಎಂಬ ಬೇರೆ ಡೆಸ್ಕ್‌ಟಾಪಿಗೆ ಹೋದರು. ತಂಡದ ಇಕ್ಕಟ್ಟು ನಿಜವಾದದ್ದೇ. ಆದರೂ ಸ್ವಯಂಸೇವೆಗೆ ಒಪ್ಪಿಗೆಯೇ ಆಧಾರ, ಅದನ್ನು ಆವೃತ್ತಿಸಂಖ್ಯೆಯ ಮೂಲಕ ಬಲವಂತವಾಗಿ ಪಡೆಯುವುದು ಸರಿಯಾದ ದಾರಿಯಲ್ಲ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸ್ವಯಂಸೇವಕರು ತೆತ್ತ ಬೆಲೆ ಇನ್ನೂ ನೇರವಾದದ್ದು. 2.6.27 ಕರ್ನಲ್‌ನ ರಿಲೀಸ್ ಕ್ಯಾಂಡಿಡೇಟುಗಳನ್ನೂ ಅವನ್ನು ಒಳಗೊಂಡ ಓಪನ್‌ಸೂಸೆ, ಉಬುಂಟು, ಮಾಂಡ್ರಿವಾ ಮೊದಲಾದ ವಿತರಣೆಗಳ ಪೂರ್ವಪ್ರತಿಗಳನ್ನೂ ಓಡಿಸಿದ ಕೆಲವರ ಇಂಟೆಲ್ ನೆಟ್‌ವರ್ಕ್ ಕಾರ್ಡುಗಳು ಸತ್ತುಹೋದವು. ಕಾರ್ಡಿನ ಶಾಶ್ವತ ಸ್ಮೃತಿಯೇ ಕೆಟ್ಟಿದ್ದರಿಂದ ಹಳೆಯ ಕರ್ನಲ್‌ಗೆ ಮರಳಿದರೂ ಅವು ಏಳಲಿಲ್ಲ. ಎಲ್ಲರೂ ಮೊದಲು ಅನುಮಾನಿಸಿದ್ದು ಆ ಕಾರ್ಡುಗಳ ಇ1000ಇ ಡ್ರೈವರನ್ನು. ಕೊನೆಗೆ ಕಾರಣ ಬೇರೆ ಕಡೆ ಸಿಕ್ಕಿತು: ಓಡುತ್ತಿರುವ ಕರ್ನಲ್‌ನ ಜಾಡು ಹಿಡಿಯುವ ಎಫ್‌ಟ್ರೇಸ್ ಎಂಬ ಹೊಸ ಸೌಲಭ್ಯ, ತನ್ನದಲ್ಲದ ಜಾಗಕ್ಕೆ ಬರೆಯುತ್ತಿತ್ತು. ಅಕ್ಟೋಬರ್‌ನಲ್ಲಿ ಅಂತಿಮ ಕರ್ನಲ್ ಬರುವ ಹೊತ್ತಿಗೆ ಕಾರ್ಡಿನ ಸ್ಮೃತಿಗೆ ಬರಹರಕ್ಷಣೆ ಹಾಕಲಾಗಿತ್ತು, ಕೆಲವೇ ದಿನಗಳಲ್ಲಿ ಬಂದ 2.6.27.1ರಲ್ಲಿ ಎಫ್‌ಟ್ರೇಸ್‌ನ ಆ ಭಾಗವನ್ನೂ ಮುಚ್ಚಲಾಯಿತು. ಬೀಟಾ ಹಂತದಲ್ಲಿ ಇದು ಸಿಗದಿದ್ದರೆ ಹಾಳಾಗುವ ಕಾರ್ಡುಗಳಿಗೆ ಲೆಕ್ಕವಿರುತ್ತಿರಲಿಲ್ಲ.

ಅಪಾಯವನ್ನೂ ಶ್ರಮವನ್ನೂ ಇಳಿಸುವ ಉಪಾಯಗಳು ಈ ಹೊತ್ತಿಗೆ ಬೆಳೆಯುತ್ತಿದ್ದವು. ಹಾರ್ಡ್ ಡಿಸ್ಕ್ ಮುಟ್ಟದೆ ನಡೆಯುವ ಲೈವ್ ಸಿಡಿ, ವರ್ಚುವಲ್ ಯಂತ್ರ, ಹಳೆಯ ಪ್ರತಿಯ ಪಕ್ಕದಲ್ಲೇ ಕೂರುವ ಹೊಸ ಪ್ರತಿ ಇವುಗಳಲ್ಲಿ ಮುಖ್ಯ. 2005ರಲ್ಲಿ ಬಂದ ಗಿಟ್‌ನ ‘ಬೈಸೆಕ್ಟ್’ ಆಜ್ಞೆ ಪರೀಕ್ಷಕರ ಕೈಗೆ ನಿಜವಾದ ಶಕ್ತಿ ಕೊಟ್ಟಿತು. ಸರಿಯಿದ್ದ ಆವೃತ್ತಿ, ಕೆಟ್ಟ ಆವೃತ್ತಿ ಎರಡರ ನಡುವೆ ಅರ್ಧರ್ಧ ಮಾಡುತ್ತ ಹೋದರೆ 10,000 ಬದಲಾವಣೆಗಳ ರಾಶಿಯಲ್ಲೂ 14 ಸಲ ಓಡಿಸುವಷ್ಟರಲ್ಲಿ ತಪ್ಪಿನ ಮೂಲ ಸಿಗುತ್ತದೆ. ಸಿ ಭಾಷೆಯ ಒಂದು ಸಾಲೂ ಓದಬೇಕಿಲ್ಲ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಲಿಬ್ರೆಆಫೀಸ್, ಸಿದ್ಧಪಡಿಸಿಟ್ಟ ಪ್ರತಿಗಳ ಮೇಲೆ ಇದೇ ವಿಧಾನ ನಡೆಯುವಂತೆ ಮಾಡಿತು. 2011ರ ಡಿಸೆಂಬರ್ ಕೊನೆಯಲ್ಲಿ, 3.5 ಆವೃತ್ತಿಗೆ ಮುನ್ನ, ದಿನ ಗೊತ್ತುಮಾಡಿ ಎಲ್ಲರೂ ಒಟ್ಟಾಗಿ ಬಗ್ ಹುಡುಕುವ ಶಿಬಿರವನ್ನೂ ನಡೆಸಿತು. ಫೆಡೋರಾದ ‘ಟೆಸ್ಟ್ ಡೇ’ ಇದರ ಬಂಧು. ಇಂಥ ದಿನಗಳ ದೊಡ್ಡ ಗುಣವೆಂದರೆ ಹೊಸಬರು ಕೇಳಿದ ಪ್ರಶ್ನೆಗೆ ಆಗಲೇ ಉತ್ತರ ಸಿಗುವುದು. ವರದಿಗೆ ತಿಂಗಳುಗಟ್ಟಲೆ ಮೌನವೇ ಉತ್ತರವಾದರೆ ಆ ವ್ಯಕ್ತಿ ಎರಡನೆಯ ವರದಿ ಬರೆಯುವುದಿಲ್ಲ. ಕರ್ನಲ್‌ನಲ್ಲಿ ‘ರಿಪೋರ್ಟೆಡ್‌-ಬೈ’, ‘ಟೆಸ್ಟೆಡ್‌-ಬೈ’ ಎಂಬ ಸಾಲುಗಳಲ್ಲಿ ಪರೀಕ್ಷಕರ ಹೆಸರು ಬದಲಾವಣೆಯ ದಾಖಲೆಯಲ್ಲೇ ಉಳಿಯುತ್ತದೆ.

ಪದ್ಧತಿಗೆ ಮಿತಿಗಳಿವೆ. ಬಳಸುವಾಗ ಕಣ್ಣಿಗೆ ಬೀಳದ ತಪ್ಪು ಬಳಕೆದಾರರಿಗೆ ಸಿಗುವುದಿಲ್ಲ. 2012ರ ಮಾರ್ಚ್‌ನಲ್ಲಿ, ಜಾಲಸಂಪರ್ಕವನ್ನು ಗೂಢಲಿಪಿಯಲ್ಲಿಡುವ ಓಪನ್‌ಎಸ್‌ಎಸ್‌ಎಲ್ 1.0.1ರೊಂದಿಗೆ ಹೊರಬಂದ ಹಾರ್ಟ್‌ಬ್ಲೀಡ್ ಭದ್ರತಾದೋಷ ಬಯಲಾದದ್ದು 2014ರ ಏಪ್ರಿಲ್‌ನಲ್ಲಿ. ಅಂಥವನ್ನು ಹಿಡಿಯುವ ಕೆಲಸ ಈಗ ಹೆಚ್ಚಾಗಿ ಸ್ವಯಂಚಾಲಿತ ಪರೀಕ್ಷೆಗಳ ಪಾಲಿಗೆ ಬಂದಿದೆ. ಹಳೆಯ ಪ್ರಿಂಟರ್, ನಿದ್ರೆಯಿಂದ ಏಳದ ಲ್ಯಾಪ್‌ಟಾಪ್, ಇಂಗ್ಲಿಷಲ್ಲದ ಲಿಪಿಗಳು ಮನುಷ್ಯರಿಗೇ ಉಳಿದಿವೆ.

ಕನ್ನಡದ ಮಟ್ಟಿಗೆ ಈ ಕೊನೆಯದು ಮುಖ್ಯ. ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶವನ್ನು 2012ರ ಸುಮಾರಿಗೆ ಭಾರತೀಯ ಭಾಷೆಗಳ ವಿಕಿಪೀಡಿಯಾಗಳಿಂದ ಆಯ್ದ ಪದಗಳ ಮೇಲೆ ಓಡಿಸಿ, ಮೈಕ್ರೋಸಾಫ್ಟ್‌ನ ಯೂನಿಸ್ಕ್ರೈಬ್ ಕೊಟ್ಟ ಫಲದೊಂದಿಗೆ ಹೋಲಿಸಲಾಯಿತು. ಎರಡೂ ಒಂದೇ ರೀತಿ ತಪ್ಪಿದ್ದರೆ ಹೋಲಿಕೆ ಅದನ್ನು ತೋರಿಸದು; ಅದಕ್ಕೆ ಕನ್ನಡ ಓದಬಲ್ಲವರೇ ಬೇಕು. ‘ಅರ್ಕ’ದಲ್ಲಿ ಮೊದಲು ಟೈಪಿಸಿದ ರಕಾರ ಅರ್ಕಾವತ್ತಾಗಿ ಅಕ್ಷರದ ಬಲಕ್ಕೆ ಹೋಗಬೇಕು, ‘ರ‍್ಯಾಂಕ್’ನಲ್ಲಿ ಅದೇ ರಕಾರ ಪೂರ್ಣವಾಗಿ ನಿಂತು ಯಕಾರ ಒತ್ತಾಗಬೇಕು. ಫೆಡೋರಾ ಅಂತರರಾಷ್ಟ್ರೀಕರಣದ ಟೆಸ್ಟ್ ಡೇಗಳಲ್ಲಿ ಲಿಪಿಜೋಡಣೆ, ಐಬಸ್ ಎಂಬ ಟೈಪಿಂಗ್ ವ್ಯವಸ್ಥೆ, ಫಾಂಟುಗಳನ್ನು ಹೀಗೆ ಭಾಷೆ ಬಲ್ಲವರು ಕೂತು ನೋಡಿ ಫಲಿತಾಂಶದ ಪಟ್ಟಿಗೆ ಸೇರಿಸುತ್ತಾರೆ.